ನಿಮ್ಮ ನೆರಳು ನಿಮ್ಮ ಕೆಲಸದ ಮೇಲೆ ಬೀಳದಿರಲಿ: ಗ್ಯಾರೇಜ್ ವರ್ಕ್‌ಶಾಪ್‌ಗೆ ಬೆಳಕಿನ ಯೋಜನೆ

ಗ್ಯಾರೇಜ್‌ನ ನಡುವೆ ಒಂದೇ ಒಂದು ಟ್ಯೂಬ್‌ಲೈಟ್. ಗೋಡೆಗೆ ಒತ್ತಿಕೊಂಡು ಒಂದು ಬೆಂಚ್. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕಾರ್ ಶೆಡ್ ಹೀಗೇ ಇರುತ್ತದೆ. ಕಾರು ನಿಲ್ಲಿಸಿ ಬೀಗ ಹಾಕಿಕೊಂಡು ಒಳಗೆ ಹೋಗಲು ಆ ಬೆಳಕು ಸಾಕು. ಅಲ್ಲೇ ಮರಗೆಲಸ ಶುರು ಮಾಡಿದರೆ, ಬೈಕ್ ಎಂಜಿನ್ ಬಿಚ್ಚಲು ಕೂತರೆ, ಸೋಲ್ಡರಿಂಗ್ ಹಿಡಿದರೆ ಕಷ್ಟ ಗೊತ್ತಾಗುತ್ತದೆ. ಬೆಂಚ್ ಮುಂದೆ ನಿಂತ ಕೂಡಲೇ ಲೈಟ್ ನಿಮ್ಮ ಬೆನ್ನ ಹಿಂದೆ ಉಳಿಯುತ್ತದೆ. ಪೆನ್ಸಿಲ್ ಗೆರೆ ಎಳೆಯಬೇಕಾದ ಜಾಗದಲ್ಲೇ ನಿಮ್ಮ ತಲೆಯ ನೆರಳು ಬಿದ್ದಿರುತ್ತದೆ.

ಆಗ ಹೆಚ್ಚಿನವರು ಟ್ಯೂಬ್‌ಲೈಟ್ ತೆಗೆಸಿ, ಅದೇ ಜಾಗಕ್ಕೆ 50 ವ್ಯಾಟ್‌ನ ಫ್ಲಡ್‌ಲೈಟ್ ಹಾಕಿಸುತ್ತಾರೆ. ಬೆಳಕೇನೋ ಜಾಸ್ತಿ ಆಗುತ್ತದೆ. ಜೊತೆಗೆ ನೆರಳೂ ಇನ್ನಷ್ಟು ಕಪ್ಪಾಗುತ್ತದೆ, ಕಣ್ಣು ಕುಕ್ಕುವುದು ಬೇರೆ. ಬೆಳಕು ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಸುಲಭ, ಅದನ್ನು ಮುಂದೆ ನೋಡೋಣ. ಅದಕ್ಕಿಂತ ಮುಖ್ಯವಾದದ್ದು ಆ ಬೆಳಕು ಎಲ್ಲಿಂದ ಬರುತ್ತದೆ, ಎಷ್ಟು ಕಡೆಯಿಂದ ಬರುತ್ತದೆ ಎನ್ನುವುದು. ಒಂದು ದೊಡ್ಡ ಲೈಟ್‌ಗಿಂತ ಹರಡಿಕೊಂಡಿರುವ ಆರು ಸಣ್ಣ ಲೈಟ್ ಎಷ್ಟೋ ಮೇಲು. ಈ ಲೇಖನದ ಉದ್ದಕ್ಕೂ ಈ ಮಾತು ನೆನಪಿರಲಿ.

ಕರಗಸ, ಗ್ರೈಂಡರ್, ಉಳಿ ಹಿಡಿದು ಕೆಲಸ ಮಾಡುವವರಿಗೆ ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. ಬ್ಲೇಡ್ ಎಲ್ಲಿದೆ, ಬೆರಳು ಎಲ್ಲಿದೆ ಎಂದು ಕಣ್ಣಿಗೆ ಸರಿಯಾಗಿ ಕಾಣಲೇಬೇಕು.

ಮೊದಲ ಹೆಜ್ಜೆ: ರಾತ್ರಿ ಹೊತ್ತು ಒಂದು ನಕ್ಷೆ ಬರೆಯಿರಿ

ಚೌಕಳಿ ಹಾಳೆ ತೆಗೆದುಕೊಂಡು ಗ್ಯಾರೇಜ್‌ನ ಉದ್ದ, ಅಗಲ, ಎತ್ತರ ಅಳೆದು ಬರೆಯಿರಿ. ಬಾಗಿಲು, ಕಿಟಕಿ, ತೊಲೆ, ಈಗಿರುವ ಸ್ವಿಚ್ ಬೋರ್ಡ್ ಎಲ್ಲವನ್ನೂ ಗುರುತು ಮಾಡಿ. ಬೆಂಚ್ ಎಲ್ಲಿ, ಯಂತ್ರ ಎಲ್ಲಿ, ಮರದ ಹಲಗೆ ಒರಗಿಸುವುದು ಎಲ್ಲಿ ಎಂದೂ ಬರೆಯಿರಿ. ಕೊನೆಗೆ ಒಂದೊಂದು ಕೆಲಸಕ್ಕೂ ನೀವು ಎಲ್ಲಿ ನಿಲ್ಲುತ್ತೀರಿ, ಯಾವ ಕಡೆ ಮುಖ ಮಾಡುತ್ತೀರಿ ಎಂದು ಸಣ್ಣ ಬಾಣದ ಗುರುತು ಹಾಕಿ. ಈ ಬಾಣಗಳನ್ನು ಯಾರೂ ಹಾಕುವುದಿಲ್ಲ. ಲೈಟ್ ಎಲ್ಲಿ ಬರಬೇಕು ಎಂದು ಹೇಳುವುದು ಮಾತ್ರ ಅವೇ.

ಕತ್ತಲಾದ ಮೇಲೆ ಗ್ಯಾರೇಜ್‌ಗೆ ಹೋಗಿ ಆ ಒಂದೊಂದು ಜಾಗದಲ್ಲೂ ನಿಂತು ನೋಡಿ. ಕೈ ಮುಂದೆ ಚಾಚಿ, ನೆರಳು ಯಾವ ಕಡೆ ಬೀಳುತ್ತದೆ ಎಂದು ನಕ್ಷೆಯಲ್ಲಿ ಗೀಚಿಕೊಳ್ಳಿ. ಫೋನ್‌ನಲ್ಲಿ ಒಂದು ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಫೋನನ್ನು ಬೆಂಚ್ ಮೇಲೆ ಮುಖ ಮೇಲಾಗಿ ಮಲಗಿಸಿ, ಬರುವ ಅಂಕಿಯನ್ನೂ ಬರೆದಿಡಿ. ಫೋನ್ ತೋರಿಸುವ ಅಂಕಿ ನಿಖರವಾಗಿರುವುದಿಲ್ಲ. ಆದರೆ ಈಗ ಇದ್ದದ್ದಕ್ಕೂ ಲೈಟ್ ಹಾಕಿಸಿದ ಮೇಲಿನದಕ್ಕೂ ಹೋಲಿಸಿ ನೋಡಲು ಅದೇ ಫೋನ್ ಧಾರಾಳವಾಗಿ ಸಾಕು.

ಕಾರು ರಾತ್ರಿ ಅಲ್ಲೇ ನಿಲ್ಲುತ್ತದೆಯೇ? ಹಾಗಿದ್ದರೆ ಅದನ್ನೂ ನಕ್ಷೆಯಲ್ಲಿ ಹಾಕಿ. ಬಾನೆಟ್ ಎತ್ತಿದರೆ ನಡುವಿನ ಲೈಟ್ ಪೂರ್ತಿ ಮುಚ್ಚಿಹೋಗುತ್ತದೆ. ಕಾರಿನ ಕೆಲಸ ಮಾಡುವವರಿಗೆ ಎರಡೂ ಪಕ್ಕದಿಂದ ಬರುವ ಬೆಳಕೇ ಬೇಕು.

ಎರಡನೆಯದು: ಲೈಟ್ ಕೊಳ್ಳುವ ಮೊದಲು ಬಣ್ಣ ಕೊಳ್ಳಿ

ಗಾರೆ ಮಾಡಿ ಹಾಗೇ ಬಿಟ್ಟ ಸಿಮೆಂಟ್ ಗೋಡೆ, ಬಣ್ಣ ಕಾಣದ ಇಟ್ಟಿಗೆ, ಮಸಿ ಹಿಡಿದ ಶೀಟ್ ಇವೆಲ್ಲ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ನುಂಗಿಬಿಡುತ್ತವೆ. ಒಳ್ಳೆಯ ಬಿಳಿ ಬಣ್ಣದ ಗೋಡೆ ಹತ್ತಿರ ಹತ್ತಿರ ನೂರಕ್ಕೆ 80 ಪಾಲನ್ನು ವಾಪಸ್ ಕೊಡುತ್ತದೆ. ಹೀಗೆ ವಾಪಸ್ ಬರುವ ಬೆಳಕಿಗೆ ಒಂದು ದೊಡ್ಡ ಗುಣವಿದೆ. ಅದು ಎಲ್ಲ ಕಡೆಯಿಂದಲೂ ಬರುತ್ತದೆ, ಹಾಗಾಗಿ ನೆರಳನ್ನು ತೆಳುವಾಗಿಸುತ್ತದೆ.

ಬಿಳಿ ಸುಣ್ಣ ಹೊಡೆದರೂ ನಡೆಯುತ್ತದೆ, ಆದರೆ ಸುಣ್ಣ ಉದುರಿ ಕೆಲಸದ ಮೇಲೆ ಬೀಳುತ್ತದೆ. ಸಾಧ್ಯವಾದರೆ ಹೊಳಪಿಲ್ಲದ ಬಿಳಿ ಎಮಲ್ಷನ್ ಎರಡು ಕೈ ಹೊಡೆಯಿರಿ. ಚಾವಣಿ ಬಿಡಬೇಡಿ, ಅದೇ ಮುಖ್ಯ. ಹೊಳಪಿನ ಬಣ್ಣ ಬೇಡ, ಅದರಲ್ಲಿ ಲೈಟ್‌ನ ಪ್ರತಿಬಿಂಬ ಕಂಡು ಕಣ್ಣಿಗೆ ಚುಚ್ಚುತ್ತದೆ. ನೆಲ ಕಡಪ ಕಲ್ಲಾಗಿದ್ದರೆ ಏನೂ ಮಾಡಲಾಗುವುದಿಲ್ಲ. ಸಿಮೆಂಟ್ ನೆಲವಾದರೆ ತಿಳಿ ಬೂದು ಬಣ್ಣದ ಫ್ಲೋರ್ ಪೇಂಟ್ ಹಾಕಿಸಬಹುದು. ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಅದರಷ್ಟು ಸಹಾಯ ಮಾಡುವುದು ಇನ್ನೊಂದಿಲ್ಲ.

ಔಜಾರು ನೇತುಹಾಕುವ ಪ್ಲೈವುಡ್ ಹಲಗೆಗೂ ಬಿಳಿ ಹೊಡೆಯಿರಿ. ಅದು ಬೆಂಚ್‌ನ ಎದುರಿಗೇ ಇರುತ್ತದೆ, ಅಲ್ವಾ? ಅಲ್ಲಿಂದ ತಿರುಗಿ ಬರುವ ಬೆಳಕು ನೇರ ನಿಮ್ಮ ಕೆಲಸದ ಮೇಲೆ ಬೀಳುತ್ತದೆ.

ಮೂರನೆಯದು: ಎಷ್ಟು ಬೆಳಕು ಬೇಕು?

ಇಲ್ಲಿ ಎರಡು ಅಳತೆ ತಿಳಿದಿದ್ದರೆ ಸಾಕು. ಲೈಟ್‌ನಿಂದ ಹೊರಡುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲಿ ಹೇಳುತ್ತಾರೆ, ಡಬ್ಬಿ ಮೇಲೆ ಬರೆದಿರುತ್ತದೆ. ಆ ಬೆಳಕು ಕೆಲಸದ ಮೇಲೆ ಎಷ್ಟು ದಟ್ಟವಾಗಿ ಬೀಳುತ್ತದೆ ಎನ್ನುವುದನ್ನು ಲಕ್ಸ್‌ನಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ವ್ಯಾಟ್ ನೋಡಿ ಬೆಳಕು ಅಳೆಯುವ ಅಭ್ಯಾಸ ಬಿಡಿ. ವ್ಯಾಟ್ ಹೇಳುವುದು ಎಷ್ಟು ಕರೆಂಟ್ ಸುಡುತ್ತದೆ ಎನ್ನುವುದನ್ನು ಮಾತ್ರ.

ಮಧ್ಯಾಹ್ನದ ನೇರ ಬಿಸಿಲಿನಲ್ಲಿ 1,00,000 ಲಕ್ಸ್‌ವರೆಗೆ ಇರುತ್ತದೆ. ಹಗಲಿನಲ್ಲಿ ಮರದ ನೆರಳಿಗೆ ಬಂದರೂ ಸಾವಿರಗಟ್ಟಲೆ ಲಕ್ಸ್ ಸಿಗುತ್ತದೆ. ಮನೆಯ ಹಾಲ್‌ನಲ್ಲಿ ರಾತ್ರಿ ನಾವು ಕೂರುವುದು 100, 150 ಲಕ್ಸ್‌ನಲ್ಲಿ. ಬಡಗಿಗಳು ಜಗಲಿಗೆ, ಅಂಗಳಕ್ಕೆ ಬಂದು ಕೆಲಸ ಮಾಡುತ್ತಿದ್ದದ್ದು ಸುಮ್ನೆ ಅಲ್ಲ.

ಒಳಾಂಗಣದ ಬೆಳಕಿಗೆ ನಮ್ಮಲ್ಲಿ ಐಎಸ್ 3646 ಎಂಬ ಭಾರತೀಯ ಮಾನಕ ಇದೆ. ಅದು ಒಂದೊಂದು ಕೆಲಸಕ್ಕೂ ಒಂದೇ ಅಂಕಿ ಕೊಡದೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಅಂಕಿ ಕೊಡುತ್ತದೆ. ಯೂರೋಪಿನ ಇಎನ್ 12464 ಮಾನಕ ಮರಗೆಲಸದ ಯಂತ್ರಗಳಿಗೆ 500 ಲಕ್ಸ್ ಹೇಳುತ್ತದೆ. ಮನೆಯ ವರ್ಕ್‌ಶಾಪ್‌ಗೆ ನನ್ನ ಸಲಹೆ ಇಷ್ಟು: ಇಡೀ ಗ್ಯಾರೇಜ್‌ಗೆ 300 ಲಕ್ಸ್, ಬೆಂಚ್ ಮೇಲೆ ಮತ್ತು ಯಂತ್ರದ ಬಳಿ 500, ಸೂಕ್ಷ್ಮ ಕೆಲಸ ಮಾಡುವ ಕಡೆ 750 ಅಥವಾ ಇನ್ನೂ ಜಾಸ್ತಿ.

ವಯಸ್ಸನ್ನು ಮರೆಯಬೇಡಿ. 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಮೂರನೇ ಒಂದು ಪಾಲಿನಷ್ಟು ಮಾತ್ರ. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಯಾಗುತ್ತದೆ. ನಿವೃತ್ತಿಯಾದ ಮೇಲೆ ಮರಗೆಲಸ ಹಿಡಿಯುವವರು ನಮ್ಮಲ್ಲಿ ಬಹಳ ಮಂದಿ. ನಿಮ್ಮ ತಂದೆಗೋ ಮಾವನಿಗೋ ಈ ಯೋಜನೆ ಮಾಡುತ್ತಿದ್ದರೆ, ನಿಮ್ಮ ಕಣ್ಣಿಗೆ ಸಾಕೆನಿಸಿದ ಬೆಳಕು ಅವರಿಗೆ ಸಾಲದು. ಎರಡರಷ್ಟು ಇಟ್ಟುಕೊಳ್ಳಿ.

ಈಗ ಲೆಕ್ಕ. 18 ಅಡಿ ಉದ್ದ, 10 ಅಡಿ ಅಗಲದ ಗ್ಯಾರೇಜ್ ಎಂದುಕೊಳ್ಳೋಣ. ಅಂದರೆ 180 ಚದರ ಅಡಿ, ಸುಮಾರು 16.7 ಚದರ ಮೀಟರ್. 300 ಲಕ್ಸ್ ಬೇಕೆಂದರೆ 16.7 ಗುಣಿಸು 300, ಅಂದರೆ 5,000 ಲ್ಯೂಮೆನ್. ಆದರೆ ಲೈಟ್‌ನಿಂದ ಹೊರಟದ್ದೆಲ್ಲ ಬೆಂಚ್‌ಗೆ ಬರುವುದಿಲ್ಲ. ಗೋಡೆ ಬಿಳಿಯಾಗಿದ್ದರೂ ಅರ್ಧದಷ್ಟು ಗೋಡೆ, ಚಾವಣಿ, ಸಾಮಾನುಗಳ ಪಾಲಾಗುತ್ತದೆ. ಉಳಿದದ್ದರಲ್ಲಿ ಐದನೇ ಒಂದು ಪಾಲು ಧೂಳಿಗೂ ಲೈಟ್ ಹಳತಾಗುವುದಕ್ಕೂ ಹೋಗುತ್ತದೆ ಎಂದು ಹಿಡಿಯಿರಿ. ಹಾಗಾಗಿ 5,000ವನ್ನು 0.4ರಿಂದ ಭಾಗಿಸಬೇಕು. ಬರುವುದು 12,500 ಲ್ಯೂಮೆನ್. ಮಾರುಕಟ್ಟೆಯಲ್ಲಿ ಸಿಗುವ 4 ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟ್‌ನಂತೆ ಉದ್ದಕ್ಕಿರುವ ಪಟ್ಟಿ ಲೈಟ್) ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಆರು ಬ್ಯಾಟನ್ ಬೇಕು.

ಆರಕ್ಕೆ ಗಾಬರಿ ಬೇಡ. ಆರೂ ಸೇರಿ 120 ವ್ಯಾಟ್. ದಿನಕ್ಕೆ 3 ಗಂಟೆ ಉರಿಸಿದರೂ ತಿಂಗಳಿಗೆ 11 ಯೂನಿಟ್ ದಾಟುವುದಿಲ್ಲ. ಹಳೆಯ ಚೋಕ್ ಇದ್ದ 36 ವ್ಯಾಟ್ ಟ್ಯೂಬ್‌ಲೈಟ್ ಆರು ಹಾಕಿದ್ದರೆ, ಚೋಕ್ ತಿನ್ನುವುದನ್ನೂ ಸೇರಿಸಿ ಇದರ ಎರಡರಷ್ಟಕ್ಕಿಂತ ಹೆಚ್ಚು ಕರೆಂಟ್ ಹೋಗುತ್ತಿತ್ತು.

ನಾಲ್ಕನೆಯದು: ಎಲ್ಲಿ ಹಾಕಬೇಕು

ಇಡೀ ಯೋಜನೆಯ ಜೀವ ಇರುವುದು ಇಲ್ಲೇ. ನಿಧಾನವಾಗಿ ಓದಿ.

ಆರು ಬ್ಯಾಟನ್‌ಗಳನ್ನು ಗ್ಯಾರೇಜ್‌ನ ಉದ್ದಕ್ಕೆ ಎರಡು ಸಾಲಾಗಿ, ಸಾಲಿಗೆ ಮೂರರಂತೆ ಹಾಕಿ. ಎಲೆಕ್ಟ್ರಿಷಿಯನ್‌ಗೆ ಸುಮ್ಮನೆ ‘ಎರಡು ಸಾಲು’ ಎಂದರೆ ಎರಡೂ ಗೋಡೆಯಿಂದ ಎರಡೂವರೆ ಅಡಿ ಬಿಟ್ಟು ಅಂದವಾಗಿ ಹಾಕಿ ಹೋಗುತ್ತಾರೆ. ಕೋಣೆಗಾದರೆ ಅದು ಸರಿ. ಆದರೆ ನಿಮ್ಮ ಬೆಂಚ್ 2 ಅಡಿ ಅಗಲ ಇದ್ದು ಗೋಡೆಗೆ ತಾಗಿದ್ದರೆ, ನೀವು ಬಗ್ಗಿದಾಗ ತಲೆ ಸರಿಯಾಗಿ ಆ ಸಾಲಿನ ಕೆಳಗೆ ಬರುತ್ತದೆ. ನೆರಳು ಮತ್ತೆ ಕೆಲಸದ ಮೇಲೆ. ಅದಕ್ಕೆ ಬೆಂಚ್ ಬದಿಯ ಸಾಲನ್ನು ಗೋಡೆಯಿಂದ ಒಂದೂವರೆ ಅಡಿಗೆ ತನ್ನಿ. ಆಗ ಲೈಟ್ ನಿಮ್ಮ ಮುಖಕ್ಕಿಂತ ಮುಂದೆ, ಬೆಂಚ್‌ನ ನೆತ್ತಿಯ ಮೇಲೆ ಇರುತ್ತದೆ. ಎದುರು ಬದಿಯ ಸಾಲನ್ನು ಅಲ್ಲಿನ ಗೋಡೆಯಿಂದ 3 ಅಡಿಗೆ ಹಾಕಿ. ನಡುವೆ ಐದೂವರೆ ಅಡಿ ಉಳಿಯುತ್ತದೆ. ಈ ಎರಡನೇ ಸಾಲಿನಿಂದ ಬರುವ ಬೆಳಕು ಉಳಿದ ನೆರಳನ್ನು ತುಂಬುತ್ತದೆ.

ಬೆಂಚ್ ಗ್ಯಾರೇಜ್ ನಡುವೆ ಇದ್ದು ನೀವು ಸುತ್ತಲೂ ಓಡಾಡುತ್ತೀರಾದರೆ ಲೆಕ್ಕ ಬೇರೆ. ಆಗ ಬೆಂಚ್‌ನ ಎರಡು ಅಂಚಿನ ಮೇಲೂ ಒಂದೊಂದು ಸಾಲು ಬರಲಿ. ಟೇಬಲ್ ಸಾ (ಮೇಜಿನೊಳಗೆ ಕೂರಿಸಿದ ಕರಗಸ ಯಂತ್ರ) ಇದ್ದರೆ ಬ್ಲೇಡ್‌ನ ಎಡಕ್ಕೊಂದು, ಬಲಕ್ಕೊಂದು ಬ್ಯಾಟನ್ ಇರಬೇಕು. ಹಲಗೆ ಒರಗಿಸಿ ತಳ್ಳುವ ಫೆನ್ಸ್ ಪಟ್ಟಿಯ ನೆರಳು ಗುರುತಿನ ಗೆರೆ ಮೇಲೆ ಬಿದ್ದರೆ ಅಳತೆ ತಪ್ಪುತ್ತದೆ, ಕೈಗೂ ಅಪಾಯ.

ಎತ್ತರ ಎಷ್ಟಿರಬೇಕು? ಆರ್‌ಸಿಸಿ ಚಾವಣಿ 10 ಅಡಿ ಇದ್ದರೆ ನೇರ ಅದಕ್ಕೇ ಹೊಡೆಸಿ. ಶೀಟ್ ಹಾಕಿದ ಶೆಡ್ ಆದರೆ ಬ್ಯಾಟನ್‌ಗಳನ್ನು ಶೀಟ್‌ಗೆ ಅಂಟಿಸಿದಂತೆ ಹಾಕಬೇಡಿ. ಏಪ್ರಿಲ್‌ನಲ್ಲಿ ಆ ಶೀಟ್ ಮುಟ್ಟಲಾಗದಷ್ಟು ಕಾಯುತ್ತದೆ. ಎಲ್‌ಇಡಿಯ ಒಳಗೆ ಕರೆಂಟ್ ಹೊಂದಿಸಿಕೊಡುವ ಡ್ರೈವರ್‌ಗೆ ಶಾಖವೇ ಶತ್ರು, ಬೇಗ ಸಾಯುತ್ತದೆ. ಕಬ್ಬಿಣದ ಪಟ್ಟಿಯಿಂದ ಅರ್ಧ ಅಡಿ, ಒಂದಡಿ ಕೆಳಗೆ ಸರಪಳಿ ಹಾಕಿ ಇಳಿಬಿಡಿ. ಆದರೆ ಎಂಟೂವರೆ ಅಡಿಗಿಂತ ಕೆಳಗೆ ಬೇಡ. 8 ಅಡಿಯ ಪ್ಲೈವುಡ್ ಶೀಟ್ ಎತ್ತಿ ತಿರುಗಿಸುವವರ ಕಷ್ಟ ಗೊತ್ತಲ್ಲ, ಮೊದಲು ಒಡೆಯುವುದೇ ಲೈಟ್.

ಶಟರ್ ಕಡೆಗೂ ಒಂದು ಮಾತು. ಸುತ್ತಿಕೊಳ್ಳುವ ರೋಲಿಂಗ್ ಶಟರ್ ಆದರೆ ತೊಂದರೆ ಇಲ್ಲ. ಬಾಗಿಲು ಮೇಲೆದ್ದು ಚಾವಣಿಗೆ ಸಮನಾಗಿ ಒಳಗೆ ಸರಿಯುವ ಬಗೆಯದಾದರೆ, ತೆರೆದಾಗ ಅದು ಮುಚ್ಚುವ ಜಾಗದಲ್ಲಿ ಲೈಟ್ ಹಾಕಿ ಪ್ರಯೋಜನ ಇಲ್ಲ.

ಐದನೆಯದು: ಯಾವ ಲೈಟ್ ಕೊಳ್ಳಬೇಕು

ಅಂಗಡಿಯಲ್ಲಿ ಬ್ಯಾಟನ್ ಎಂದರೆ ಕೈಗೆ ಬರುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣ ಹೇಳುವ ಅಳತೆ) ನೀಲಿ ಮಿಶ್ರಿತ ಬಿಳಿ. ಡಬ್ಬಿ ಮೇಲೆ ಕೂಲ್ ಡೇಲೈಟ್ ಎಂದಿರುತ್ತದೆ. ಲೋಹದ ಕೆಲಸಕ್ಕೆ, ಬೈಕ್ ರಿಪೇರಿಗೆ ಅದು ನಡೆಯುತ್ತದೆ. ಮರಗೆಲಸಕ್ಕೆ 4000 ಕೆಲ್ವಿನ್ ಕೇಳಿ ತನ್ನಿ. ನ್ಯಾಚುರಲ್ ವೈಟ್ ಅಥವಾ ನ್ಯೂಟ್ರಲ್ ವೈಟ್ ಎಂಬ ಹೆಸರಿನಲ್ಲಿ ಬರುತ್ತದೆ. ಇಲ್ಲ ಎಂದರೆ ತರಿಸಿಕೊಡಲು ಹೇಳಿ, ಕಾಯುವುದು ವ್ಯರ್ಥ ಅಲ್ಲ.

ಬಣ್ಣ ಸರಿಯಾಗಿ ಕಾಣಬೇಕಾದರೆ ಸಿಆರ್‌ಐ ಎಂಬ ಅಂಕಿ ನೋಡಬೇಕು. 100 ಎಂದರೆ ಪೂರ್ಣ. ಸಾಮಾನ್ಯ ಬ್ಯಾಟನ್‌ಗಳಲ್ಲಿ 80 ಇರುತ್ತದೆ, ಕೊಯ್ಯಲು ಜೋಡಿಸಲು ಅಷ್ಟು ಸಾಕು. ಪಾಲಿಶ್, ಬಣ್ಣ ಹಚ್ಚುವ ಜಾಗಕ್ಕೆ ಮಾತ್ರ 90ಕ್ಕಿಂತ ಹೆಚ್ಚಿನದು ಬೇಕು. ಕಡಿಮೆ ಸಿಆರ್‌ಐ ಲೈಟ್‌ನಲ್ಲಿ ಕೆಂಪು ಸತ್ತಂತೆ ಕಾಣುತ್ತದೆ. ತೇಗದ ಹೊಂಬಣ್ಣ ಮಂಕಾಗುತ್ತದೆ, ಬೀಟೆಯಲ್ಲಿರುವ ನೇರಳೆ ಛಾಯೆ ಬರೀ ಕಪ್ಪಾಗುತ್ತದೆ. ರಾತ್ರಿ ಅಂಥ ಬೆಳಕಿನಲ್ಲಿ ಸ್ಟೇನ್ ಹೊಂದಿಸಿ ಬೆಳಿಗ್ಗೆ ಅಂಗಳಕ್ಕೆ ತಂದರೆ ಎರಡು ಹಲಗೆ ಎರಡು ಬಣ್ಣ.

ಮಿನುಗುವಿಕೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಇದು ಕೈಬೆರಳಿಗೆ ಸಂಬಂಧಿಸಿದ್ದು. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಆವರ್ತನದ್ದು. ಒಳ್ಳೆಯ ಡ್ರೈವರ್ ಇಲ್ಲದ ಎಲ್‌ಇಡಿ, ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಎರಡೂ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಬೆಂಚ್ ಗ್ರೈಂಡರ್‌ನಂಥ ಮೋಟಾರ್ ನಿಮಿಷಕ್ಕೆ 2,850ರಿಂದ 2,950 ಸುತ್ತು, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 50 ಸುತ್ತು ತಿರುಗುತ್ತದೆ. ಎರಡೂ ಲಯ ಕೂಡಿಬಂದಾಗ ರಭಸದಿಂದ ತಿರುಗುವ ಚಕ್ರ ನಿಂತಂತೆ, ಇಲ್ಲವೇ ನಿಧಾನಕ್ಕೆ ತೆವಳುತ್ತಿರುವಂತೆ ಕಾಣಬಹುದು. ಕಾರ್ಖಾನೆಗಳ ಲೇತ್ ಶಾಪ್‌ಗಳಲ್ಲಿ ಅಕ್ಕಪಕ್ಕದ ಟ್ಯೂಬ್‌ಲೈಟ್‌ಗಳನ್ನು ಬೇರೆ ಬೇರೆ ಫೇಸ್‌ಗೆ ಜೋಡಿಸುತ್ತಿದ್ದದ್ದು ಈ ಅಪಾಯ ತಪ್ಪಿಸಲಿಕ್ಕೇ. ಸಿಂಗಲ್ ಫೇಸ್ ಮನೆಯಲ್ಲಿ ಅದು ಆಗುವುದಿಲ್ಲ, ಮಿನುಗದ ಲೈಟ್ ಕೊಳ್ಳುವುದೊಂದೇ ದಾರಿ.

ಪರೀಕ್ಷೆ ಸುಲಭ. ಅಂಗಡಿಯಲ್ಲೇ ಲೈಟ್ ಹಚ್ಚಿಸಿ, ಫೋನ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ಬೆಳಗಿದ ಗೋಡೆಯನ್ನು ಸೆರೆಹಿಡಿಯಿರಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಆದರೆ, ಮಿನುಗುವ ಲೈಟ್ ವಿಡಿಯೋದಲ್ಲಿ ಪಟಪಟ ಬಡಿಯುವುದು ಕಾಣುತ್ತದೆ. ಬೆಳಕು ಸಮನಾಗಿ ನಿಂತರೆ ಧೈರ್ಯವಾಗಿ ಕೊಳ್ಳಿ.

ಉಳಿದದ್ದು ಚಿಕ್ಕದು. ಡಬ್ಬಿ ಮೇಲೆ ಲ್ಯೂಮೆನ್, ಸಿಆರ್‌ಐ ಮತ್ತು ಬಿಐಎಸ್ ಗುರುತು ಮೂರೂ ಇರಲಿ. ಹಾಲುಬಿಳಿ ಮುಚ್ಚಳ ಇರಲಿ, ಎಲ್‌ಇಡಿ ಚುಕ್ಕಿಗಳು ನೇರ ಕಾಣುವ ಲೈಟ್ ಬೇಡ. ಕರಾವಳಿ, ಮಲೆನಾಡಿನವರು ಮತ್ತು ತುಂಬಾ ಮರದ ಪುಡಿ ಎಬ್ಬಿಸುವವರು ಐಪಿ65 ಇರುವ, ಪೂರ್ತಿ ಮುಚ್ಚಿದ ಬ್ಯಾಟನ್ ತರಬೇಕು. ತೇವವೂ ಧೂಳೂ ಒಳಗೆ ಹೋಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹ್ಯಾಲೊಜೆನ್ ಫ್ಲಡ್‌ಲೈಟ್ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಅದರ ಗಾಜು ಕಾದು ಮರದ ಪುಡಿಗೆ ಬೆಂಕಿ ಹೊತ್ತಿಸಬಲ್ಲದು.

ಆರನೆಯದು: ಬೆಂಚ್‌ಗೆ ಬೇರೆಯೇ ಲೈಟ್

ಚಾವಣಿಯ ಬೆಳಕು ಓಡಾಡಲು, ಕೊಯ್ಯಲು, ಜೋಡಿಸಲು. ಗುರುತು ಹಾಕಲು, ಉಳಿಯಲ್ಲಿ ಕೀಲು ಕೆತ್ತಲು, ಗರಗಸಕ್ಕೆ ಅರ ಹಾಕಲು ಹತ್ತಿರದ ಲೈಟ್ ಒಂದು ಬೇಕು. ಬೆಂಚ್ ಅಂಚಿಗೆ ಕಚ್ಚುವ, ಮಡಚಿ ಚಾಚಬಲ್ಲ ಕೈ ಇರುವ ಲ್ಯಾಂಪ್ ಇದಕ್ಕೆ ಹೇಳಿ ಮಾಡಿಸಿದ್ದು. 9 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿದರೆ 800, 900 ಲ್ಯೂಮೆನ್ ಸಿಗುತ್ತದೆ. ಹತ್ತಿರದಲ್ಲಿ ಇರುವುದರಿಂದ ಅಷ್ಟೇ ಧಾರಾಳ.

ಬಲಗೈಯವರು ಲ್ಯಾಂಪನ್ನು ಎಡಗಡೆ ಮುಂದೆ ಇಡಿ. ಎಡಗೈಯವರು ಬಲಗಡೆ ಇಡಿ. ಪೆನ್ಸಿಲ್ ಹಿಡಿದ ಕೈಯ ನೆರಳು ಗೆರೆಯ ಆಚೆ ಬೀಳುತ್ತದೆ. ಮೂಲೆಮಟ್ಟ ಇಟ್ಟು ಗೀಟು ಹಾಕುವಾಗ ವ್ಯತ್ಯಾಸ ಆ ಕ್ಷಣವೇ ಗೊತ್ತಾಗುತ್ತದೆ. ಡ್ರಿಲ್ಲಿಂಗ್ ಮಷಿನ್, ಲೇತ್, ಗ್ರೈಂಡರ್‌ಗೆ ಆಯಸ್ಕಾಂತದ ಬುಡ ಇರುವ, ಬಾಗುವ ಕತ್ತಿನ ಎಲ್‌ಇಡಿ ಸಿಗುತ್ತದೆ. ಅಂಟಿಸಿದರೆ ಆಯಿತು. ತಂತಿ ಮಾತ್ರ ತಿರುಗುವ ಭಾಗದಿಂದ ದೂರ ಕಟ್ಟಿರಿ.

ಇನ್ನೊಂದು ಬಗೆಯ ಬೆಳಕು ಇದೆ. ಮರಗೆಲಸದವರಿಗೆ ಇದಕ್ಕಿಂತ ದೊಡ್ಡ ಉಪಕಾರಿ ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ. ಚಾವಣಿಯ ಲೈಟ್‌ಗಳನ್ನೆಲ್ಲ ಆರಿಸಿ. ಲ್ಯಾಂಪನ್ನು ಹಲಗೆಯ ಮಟ್ಟಕ್ಕೆ ಇಳಿಸಿ, ಬೆಳಕು ಹಲಗೆಯ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಹಿಡಿಯಿರಿ. ಮೇಲಿನ ಬೆಳಕಿನಲ್ಲಿ ಕನ್ನಡಿಯಂತಿದ್ದ ಹಲಗೆಯಲ್ಲಿ ಕೀಸುಳಿ ಬಿಟ್ಟ ಏಣು, ಸ್ಯಾಂಡರ್‌ನ ಸುರುಳಿ ಗೀರು, ಒಣಗಿದ ಫೆವಿಕಾಲ್ ಹನಿ, ಎದ್ದ ನಾರು ಎಲ್ಲ ಮೂಡಿ ಬರುತ್ತವೆ. ಪ್ರತಿ ಏರಿಗೂ ಒಂದು ನೆರಳು ಹುಟ್ಟುವುದರಿಂದ ಹೀಗಾಗುತ್ತದೆ. ಪೆನ್ಸಿಲ್‌ನಲ್ಲಿ ಅಲ್ಲಲ್ಲೇ ಗುರುತು ಹಾಕಿ, ಆ ಜಾಗ ಮಾತ್ರ ಮತ್ತೆ ಉಜ್ಜಿ. 120 ನಂಬರಿನ ಸ್ಯಾಂಡ್‌ಪೇಪರ್‌ನಿಂದ 180ಕ್ಕೆ ಹೋಗುವ ಮೊದಲೊಮ್ಮೆ, ಪಾಲಿಶ್ ಹಚ್ಚುವ ಮೊದಲೊಮ್ಮೆ ಹೀಗೆ ನೋಡಿ. ಪಾಲಿಶ್ ಬಿದ್ದ ಮೇಲೆ ಗೀರು ಕಂಡರೆ ಎಲ್ಲ ಕೆರೆದು ಮೊದಲಿಂದ ಶುರು ಮಾಡಬೇಕಾಗುತ್ತದೆ. ಗೋಡೆಗೆ ಪುಟ್ಟಿ ಹಾಕುವ ಪೇಂಟರ್‌ಗಳು ಉದ್ದ ವಯರ್‌ನ ಬಲ್ಬನ್ನು ಗೋಡೆಗೆ ತಾಗಿಸಿ ಹಿಡಿಯುವುದು ನೋಡಿದ್ದೀರಲ್ಲ, ಅದೇ ಜಾಣತನ ಇದು.

ಇದಕ್ಕಾಗಿಯೇ ಚಾವಣಿಯ ಎರಡು ಸಾಲಿಗೂ ಬೇರೆ ಬೇರೆ ಸ್ವಿಚ್ ಇರಬೇಕು.

ಏಳನೆಯದು: ಹಗಲಿನ ಬೆಳಕು

ದುಡ್ಡು ಕೇಳದ ಬೆಳಕನ್ನು ಬಿಡುವುದು ಬೇಡ. ಕರ್ನಾಟಕದಲ್ಲಿ ವರ್ಷದ ಹೆಚ್ಚಿನ ತಿಂಗಳು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನೆತ್ತಿಗೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ ನಡುವಿನ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ ಬರುತ್ತಾನೆ. ಉತ್ತರದಲ್ಲಿರುವ ಆ ದಿನಗಳಲ್ಲಿ ಅರ್ಧಕ್ಕರ್ಧ ಮೋಡವೇ. ಹಾಗಾಗಿ ಉತ್ತರದ ಕಿಟಕಿಯಿಂದ ಬರುವ ಬೆಳಕು ವರ್ಷವಿಡೀ ಮೆದು, ಸಮ. ಬೆಂಚ್ ಇಡಲು ಆಯ್ಕೆ ಇದ್ದರೆ ಆ ಕಿಟಕಿ ಕೆಳಗೆ ಇಡಿ.

ಶಟರ್ ತೆರೆದು ಅದಕ್ಕೆ ಬೆನ್ನು ಹಾಕಿ ಕೆಲಸ ಮಾಡುವುದು ಬೇಡ, ಹಗಲಿನಲ್ಲೂ ಅದೇ ನೆರಳಿನ ಕಾಟ. ಬೆಂಚ್ ಪಕ್ಕದ ಗೋಡೆಗೆ ಬಂದರೆ ಬೆಳಕು ಓರೆಯಾಗಿ ಬೀಳುತ್ತದೆ. ಮಂಗಳೂರು ಹೆಂಚಿನ ಶೆಡ್ ಇರುವವರು ಅದೃಷ್ಟವಂತರು. ಅದೇ ಅಳತೆಯ ಗಾಜಿನ ಹೆಂಚು ಸಿಗುತ್ತದೆ, ಎರಡು ಮೂರು ಹೆಂಚು ಬದಲಿಸಿದರೆ ಸಾಕು. ಶೀಟ್ ಶೆಡ್‌ನವರು ಒಂದು ಶೀಟ್ ತೆಗೆದು ಹಾಲುಬಿಳಿ ಫೈಬರ್ ಶೀಟ್ ಹಾಕಿಸಬಹುದು. ಪಾರದರ್ಶಕದ್ದು ಬೇಡ. ನೇರ ಬಿಸಿಲು ಬಿದ್ದರೆ ಅಂಟು ಹಾಕಿದ ಹಲಗೆ ಸೊಟ್ಟಗಾಗುತ್ತದೆ.

ಎಂಟನೆಯದು: ವಯರಿಂಗ್

ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ನೀವು ಕೇಳಬೇಕಾದದ್ದು ಇವು.

ಲೈಟ್‌ಗೂ ಯಂತ್ರಕ್ಕೂ ಬೇರೆ ಬೇರೆ ಸರ್ಕ್ಯೂಟ್ ಇರಲೇಬೇಕು. ಕರಗಸ ಸಿಕ್ಕಿಹಾಕಿಕೊಂಡು ಎಮ್‌ಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಾಗ ಲೈಟೂ ಆರಿದರೆ, ಬ್ಲೇಡ್ ಇನ್ನೂ ತಿರುಗುತ್ತಿರುವಾಗಲೇ ನೀವು ಕತ್ತಲಲ್ಲಿ ನಿಂತಿರುತ್ತೀರಿ. ಲೈಟ್‌ಗೆ 6 ಆಂಪಿಯರ್ ಎಮ್‌ಸಿಬಿ, 1.5 ಚದರ ಮಿಲಿಮೀಟರ್ ತಾಮ್ರದ ವಯರ್ ಸಾಕು. ಆರು ಬ್ಯಾಟನ್ ಸೇರಿ ಎಳೆಯುವುದು ಅರ್ಧ ಆಂಪಿಯರ್. ಯಂತ್ರದ ಸಾಕೆಟ್‌ಗಳಿಗೆ 2.5 ಚದರ ಮಿಲಿಮೀಟರ್ ವಯರ್, 16 ಆಂಪಿಯರ್ ಎಮ್‌ಸಿಬಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಎರಡಕ್ಕೂ ಒಂದೇ ಆರ್‌ಸಿಸಿಬಿ ಆದರೆ ಅದು ಬಿದ್ದಾಗ ಎಲ್ಲವೂ ಹೋಗುತ್ತದೆ ಎನ್ನುವುದನ್ನೂ ಮಾತಾಡಿ, ಸಾಧ್ಯವಾದರೆ ಬೇರೆ ಬೇರೆ ಮಾಡಿಸಿ. ಲೋಹದ ಮೈ ಇರುವ ಲೈಟ್‌ಗೆ ಅರ್ಥಿಂಗ್ ತಪ್ಪದೆ ಬರಬೇಕು. ವಯರ್ ಪೈಪ್‌ನಲ್ಲಿ ಅಥವಾ ಕೇಸಿಂಗ್‌ನಲ್ಲಿ ಹೋಗಲಿ. ಇಲಿ ಇರುವ ಶೆಡ್ ಆದರೆ ಪೈಪೇ ಒಳ್ಳೆಯದು. ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಎಳೆದು ಮೊಳೆಗೆ ನೇತುಹಾಕಿದ ಲೈಟ್ ತಾತ್ಕಾಲಿಕ ಎಂದು ಶುರುವಾಗಿ ಹತ್ತು ವರ್ಷ ಇರುತ್ತದೆ. ಅದಕ್ಕೆ ಜಾಗ ಕೊಡಬೇಡಿ.

ಶಟರ್ ಬಳಿ ಒಂದು, ಮನೆಯೊಳಗಿನ ಬಾಗಿಲ ಬಳಿ ಇನ್ನೊಂದು ಎಂದು ಟೂ-ವೇ ಸ್ವಿಚ್ ಹಾಕಿಸಿ. ಕತ್ತಲಲ್ಲಿ ಔಜಾರು ದಾಟಿಕೊಂಡು ಹೋಗುವುದು ತಪ್ಪುತ್ತದೆ.

ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಮನೆಗೆ ಯುಪಿಎಸ್ ಇದ್ದರೆ ಅದರಿಂದ ಒಂದು ಲೈನ್ ಎಳೆದು ಯಂತ್ರದ ಮೇಲಿನ ಒಂದು ಬ್ಯಾಟನ್‌ಗೆ ಕೊಡಿ. ಇಲ್ಲದಿದ್ದರೆ ಒಳಗೇ ಬ್ಯಾಟರಿ ಇರುವ ಎಲ್‌ಇಡಿ ಬಲ್ಬ್ ಒಂದನ್ನು ಹೋಲ್ಡರ್‌ಗೆ ಹಾಕಿ. ಕರೆಂಟ್ ಹೋದ ಕೂಡಲೇ ಅದು ತಾನೇ ಉರಿಯುತ್ತದೆ. ಕರೆಂಟ್ ಹೋದಾಗ ಯಂತ್ರದ ಸ್ವಿಚ್ ಆಫ್ ಮಾಡುವುದನ್ನು ಮರೆಯಬೇಡಿ. ವಾಪಸ್ ಬಂದಾಗ ತಾನೇ ಶುರುವಾಗುವ ಕರಗಸದಷ್ಟು ಭಯದ್ದು ಯಾವುದೂ ಇಲ್ಲ.

ಎನ್‌ಸಿ ಲ್ಯಾಕರ್, ಥಿನ್ನರ್ ಬಳಸಿ ಸ್ಪ್ರೇ ಮಾಡುವವರು ಶಟರ್ ಪೂರ್ತಿ ತೆರೆದು ಮಾಡಿ. ಆ ಹಬೆಗೆ ಒಂದು ಕಿಡಿ ಸಾಕು. ಶುರು ಮಾಡುವ ಮೊದಲೇ ಬೇಕಾದ ಲೈಟ್ ಹಾಕಿಕೊಳ್ಳಿ, ವಾಸನೆ ಪೂರ್ತಿ ಹೋಗುವವರೆಗೆ ಸ್ವಿಚ್ ಮುಟ್ಟಬೇಡಿ, ಪ್ಲಗ್ ಕೀಳಬೇಡಿ. ಇನ್ನು ಮೊದಲ ಮಳೆ ಬಿದ್ದ ಸಂಜೆ ಪಾಲಿಶ್ ಕೆಲಸವೇ ಬೇಡ. ರೆಕ್ಕೆ ಬಂದ ಗೆದ್ದಲು ಲೈಟ್‌ಗೆ ಮುತ್ತಿ ಹಸಿ ವಾರ್ನಿಷ್ ಮೇಲೆ ಉದುರುತ್ತವೆ. ಅಂಥ ದಿನ ಬೇರೆ ಕೆಲಸವಿದ್ದರೆ, ಶಟರ್‌ನಿಂದ ದೂರ ಅಂಗಳದಲ್ಲಿ ಒಂದು ಬಿಳಿ ಬಲ್ಬ್ ಉರಿಸಿಡಿ. ಬಹುಪಾಲು ಹುಳು ಅತ್ತ ಹೋಗುತ್ತವೆ.

ಕೊನೆಗೆ: ಪರೀಕ್ಷೆ ಮತ್ತು ಪಾಲನೆ

ಚಾವಣಿಗೆ ರಂಧ್ರ ಕೊರೆಯುವ ಮೊದಲು ಒಂದು ರಾತ್ರಿ ಪ್ರಯೋಗ ಮಾಡಿ. ಎರಡು ಬ್ಯಾಟನ್‌ಗಳಿಗೆ ಎಲೆಕ್ಟ್ರಿಷಿಯನ್ ಕೈಲೇ ಪ್ಲಗ್ ಹಾಕಿಸಿ, ನೀವು ಅಂದುಕೊಂಡ ಜಾಗದಲ್ಲಿ ಹಗ್ಗದಿಂದ ಕಟ್ಟಿ ನೋಡಿ. ಬೆಂಚ್ ಮುಂದೆ ನಿಂತು, ಬಗ್ಗಿ, ಗೆರೆ ಎಳೆದು, ನೆರಳು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ಅರ್ಧ ಅಡಿ ಹಿಂದೆ ಮುಂದೆ ಸರಿಸಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಸರಿ ಎನಿಸಿದ ಮೇಲೆ ಗುರುತು ಹಾಕಿ ಕೊರೆಸಿ.

ಒಂದೇ ಸಲಕ್ಕೆ ಎಲ್ಲ ಆಗದಿದ್ದರೆ ಈ ಕ್ರಮದಲ್ಲಿ ಮಾಡಿ: ಮೊದಲು ಬಿಳಿ ಬಣ್ಣ, ಆಮೇಲೆ ಬೆಂಚ್ ಮೇಲಿನ ಸಾಲು ಮತ್ತು ಕೈ ಚಾಚುವ ಲ್ಯಾಂಪ್, ಆಮೇಲೆ ಎದುರಿನ ಸಾಲು. ವಯರಿಂಗ್ ಮಾತ್ರ ಮೊದಲ ದಿನವೇ ಆರಕ್ಕೂ ಎಳೆಸಿಡಿ.

ಮರದ ಪುಡಿ ಲೈಟ್ ಮೇಲೆ ಕೂರುವುದು ತಿಳಿಯದಂತೆ ಬೆಳಕನ್ನು ಕಡಿಮೆ ಮಾಡುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಒಣ ಬಟ್ಟೆಯಲ್ಲಿ ಒರೆಸಿ. ಬ್ಯಾಟನ್ ಹಾಕಿಸಿದ ತಿಂಗಳು, ವರ್ಷವನ್ನು ಅದರ ಮೈಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ವಾರಂಟಿ ಕೇಳಲು ಬಿಲ್ ಜೊತೆ ಅದೂ ನೆರವಾಗುತ್ತದೆ. ಅದೇ ಮಾದರಿಯದು ಒಂದು ಹೆಚ್ಚುವರಿ ತಂದಿಟ್ಟುಕೊಳ್ಳಿ. ಎರಡು ವರ್ಷದ ನಂತರ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುತ್ತದೆ ಎಂಬ ಖಾತ್ರಿ ಇಲ್ಲ.